ಅತ್ತೆ ಇನ್ನೂ ಆಕಾಶದಲ್ಲೇ ಇದ್ದಾರೆ!

ಈ ಸಲ ಅತ್ತೆಯನ್ನು ವಿಮಾನ ನಿಲ್ದಾಣದಿಂದ ಕರೆತರುವವನು ನಾನೇ ಎಂದು ಮನೆಯಲ್ಲಿ ಘೋಷಿಸಿಬಿಟ್ಟೆ! ಹೋದ ಸಲ ಆ ಪುಣ್ಯ ನನ್ನ ಷಡ್ಡಕನ ಪಾಲಾಗಿತ್ತು. ಅಂದಿನಿಂದ ಅತ್ತೆಯ ಬಾಯಲ್ಲಿ "ದೊಡ್ಡಳಿಯಂದ್ರು ಬಾಗಿಲಲ್ಲೇ ಕಾಯ್ತಾ ನಿಂತಿದ್ರು" ಎಂಬ ಒಂದೇ ಜಪ. ಸಣ್ಣಳಿಯನಿಗೆ ಮಾನ ಮರ್ಯಾದೆ ಇಲ್ಲವೇ? ಅದೂ ಗಣಿತದ ಮೇಷ್ಟ್ರಿಗೆ!

ಹೆಂಡತಿ ಟಿಕೆಟ್ಟು ತೋರಿಸಿದಳು. ಅತ್ತೆಯ ಊರಿನಿಂದ ಹೊರಡುವುದು ಬೆಳಿಗ್ಗೆ ಹತ್ತಕ್ಕೆ, ಇಲ್ಲಿ ಇಳಿಯುವುದು ಮಧ್ಯಾಹ್ನ ಎರಡಕ್ಕೆ. ನನಗೆ ಆಗಲೇ ಮೋಸದ ವಾಸನೆ ಹೊಡೆಯಿತು. ಮಗಳ ಗ್ಲೋಬು ಎಳೆದುಕೊಂಡೆ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ದಾರ ತೆಗೆದು ಅತ್ತೆಯ ಊರಿನಿಂದ ನಮ್ಮೂರಿನವರೆಗೆ ಅಳೆದೆ. ವಿಮಾನದ ವೇಗದಿಂದ ಭಾಗಿಸಿದೆ. ಬಂದದ್ದು ಎಂಟು ಗಂಟೆ!

"ನೋಡಿದೆಯಾ ಮೋಸ? ಎಂಟು ಗಂಟೆ ದಾರೀನ ನಾಲ್ಕೇ ಗಂಟೇಲಿ ಮುಗಿಸ್ತಾರಂತೆ! ಅದೇನು ವಿಮಾನವೋ, ಸಿಡಿಲೋ?"

"ರೀ, ಅವರು ದಿನಾ ಹಾರಿಸೋರು. ಟಿಕೆಟ್ಟಲ್ಲಿ ಬರೆದ ಹಾಗೆ ಹೋಗಿ ಸುಮ್ನೆ."

"ಲೆಕ್ಕ ಸುಳ್ಳು ಹೇಳಲ್ಲ ಕಣೇ! ಹತ್ತಕ್ಕೆ ಎಂಟು ಸೇರಿಸು. ಸಂಜೆ ಆರು!"

"ದಾರ ಮತ್ತೆ ಡಬ್ಬಿಗೆ ಹಾಕಿ," ಎಂದವಳೇ ಕೆಲಸಕ್ಕೆ ಹೊರಟುಹೋದಳು.

ನಾನು ಉಂಡು ಮಲಗಿದೆ. ಕಣ್ಣಿಗೆ ನಿದ್ದೆ ಹತ್ತುವಷ್ಟರಲ್ಲಿ ಯಾವುದೋ ಗೊತ್ತಿಲ್ಲದ ನಂಬರಿನಿಂದ ಫೋನು! ಏನಾದರೂ ಮಾರುವವರೇ ಇರಬೇಕು. ಇವರಿಗೆ ಮನುಷ್ಯ ಮಲಗುವುದೂ ಬೇಡವೇ? "ನಮಗೇನೂ ಬೇಡ ತಾಯಿ!" ಎಂದು ಗದರಿ ಕಟ್ ಮಾಡಿದೆ.

ಆರಕ್ಕೆ ಇಸ್ತ್ರಿ ಅಂಗಿ ತೊಟ್ಟು ನಿಲ್ದಾಣಕ್ಕೆ ಹೋದರೆ, ಫಲಕದಲ್ಲಿ ಆ ವಿಮಾನದ ಸುಳಿವೇ ಇಲ್ಲ! ಮೈಯೆಲ್ಲ ಉರಿದುಹೋಯಿತು. ವಿಚಾರಣೆ ಕೌಂಟರಿಗೆ ನುಗ್ಗಿದೆ.

"ಸರ್, ಅದು ಮಧ್ಯಾಹ್ನ ಎರಡಕ್ಕೇ ಬಂತಲ್ಲ," ಎಂದಳು ಅಲ್ಲಿದ್ದಾಕೆ.

"ಸಾಧ್ಯವೇ ಇಲ್ಲ! ನಮ್ಮ ಅತ್ತೆ ಇನ್ನೂ ಆಕಾಶದಲ್ಲೇ ಇದ್ದಾರೆ! ನಾನು ಅಳೆದು ನೋಡಿಯೇ ಬಂದಿದ್ದೀನಿ!"

"ಇಳಿದು, ಕೂತು ಕೂತು ಸಾಕಾಯ್ತು ಅಳಿಯಂದ್ರೇ," ಎಂದಿತು ಬೆನ್ನ ಹಿಂದಿನ ದನಿ. ತಿರುಗಿದರೆ, ಸಾಕ್ಷಾತ್ ಅತ್ತೆ!

"ಯಾರದೋ ಫೋನ್ ಬೇಡಿ ಇಸ್ಕೊಂಡು ಕರೆ ಮಾಡಿದ್ರೆ 'ಏನೂ ಬೇಡ' ಅಂದುಬಿಟ್ರಿ. ಅತ್ತೇನೂ ಬೇಡ್ವೇನೋ ಅಂದ್ಕೊಂಡೆ."

ಅಷ್ಟಕ್ಕೇ ಸೋಲೊಪ್ಪುವವನೇ ನಾನು? ಗ್ಲೋಬು, ದಾರ, ಭಾಗಾಕಾರ ಎಲ್ಲವನ್ನೂ ಆವೇಶದಿಂದ ವಿವರಿಸಿದೆ. ಅತ್ತೆ ಸಮಾಧಾನವಾಗಿ ಕೇಳಿದರು.

"ಎಂಟು ಗಂಟೆ ಹಾರಿದ್ದು ನಿಜ. ಆದ್ರೆ ನಮ್ಮಲ್ಲಿ ಹತ್ತು ಹೊಡೆದಾಗ ನಿಮ್ಮಲ್ಲಿನ್ನೂ ಆರಲ್ವೇ? ಆರಕ್ಕೆ ಎಂಟು ಸೇರಿಸಿ ನೋಡಿ. ನಾನು ತಿಂಡಿ ಮುಗಿಸಿ ಫೋನ್ ಮಾಡಿದಾಗಲೆಲ್ಲ ನೀವು ಹಾಸಿಗೇಲೇ ಗೊಣಗ್ತಿದ್ರಲ್ಲ, ಯಾಕೆ ಅಂತ ಯೋಚಿಸಲೇ ಇಲ್ವಾ?"

ಗಣಿತದ ಮೇಷ್ಟ್ರು ಬೆರಳು ಮಡಚಿ ಎಣಿಸಿದರು: ಹದಿನಾಲ್ಕು, ಅಂದರೆ ಮಧ್ಯಾಹ್ನ ಎರಡು! ಕೌಂಟರಿನಾಕೆ ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆ ಮಾತ್ರ ನಗಲಿಲ್ಲ. ತಮ್ಮ ಎರಡು ದೈತ್ಯ ಪೆಟ್ಟಿಗೆಗಳತ್ತ ಕೈ ತೋರಿಸಿದರು.

"ಹೋಗ್ಲಿ ಬಿಡಿ. ಹೊತ್ತು ಗೊತ್ತಿಲ್ದಿದ್ರೆ ಏನಂತೆ, ಪೆಟ್ಟಿಗೆ ಹೊತ್ತು ಗೊತ್ತು ತಾನೇ?"