ಬಾಳೆಗೊಂದು ಕೋಟು

ವಿಲ್ಫ್ರೆಡ್ ಓಲ್ಡ್‌ರಾಯ್ಡನಿಗೆ ಒಂದು ದುರಭ್ಯಾಸವಿತ್ತು: ಯಾರು ಏನು ಕೇಳಿದರೂ ಕಿವಿಗೆ ಹಾಕಿಕೊಳ್ಳದೆ "ಹೂಂ" ಎನ್ನುವುದು. ಎದುರುಮನೆಯ ಮಿಸೆಸ್ ಹೆಪ್‌ವರ್ತ್ ಹೋದ ವಾರ, "ಈ ಸಲ ಬೆಂಕಿಹಬ್ಬಕ್ಕೆ ಗೈ ಗೊಂಬೆ ನಿಮ್ಮನೇದೇ, ಅಲ್ವಾ?" ಎಂದಾಗಲೂ ಹೂಂ ಎಂದು ಮರೆತುಬಿಟ್ಟಿದ್ದ. ನವೆಂಬರ್ ಐದರ ಸಂಜೆ ಹಳೇ ಕೋಟು ತೊಟ್ಟ ಹುಲ್ಲಿನ ಗೈಯನ್ನು ಬೆಂಕಿಗೆ ಏರಿಸದಿದ್ದರೆ ಯಾರ್ಕ್‌ಷೈರಿನಲ್ಲಿ ಚಳಿಗಾಲವೇ ಶುರುವಾಗುವುದಿಲ್ಲ.

ಆ ಐದನೇ ತಾರೀಖು ಬೆಳಿಗ್ಗೆ ಅವನ ತಲೆಯಲ್ಲಿದ್ದದ್ದು ಹೆಂಡತಿ ಎನಿಡ್‌ಳ ಬಾಳೆ ಮಾತ್ರ. ತಂಗಿಯ ಮನೆಗೆ ಹೋಗಿದ್ದ ಅವಳು ಸಂಜೆ ಬರುವವಳಿದ್ದಳು. "ರೀ, ಹಿಮ ಬೀಳೋದ್ರೊಳಗೆ ಬಾಳೆಗೆ ಹೊದಿಸಿ. ಅದಕ್ಕೇನಾದ್ರೂ ಆಯ್ತೋ, ನಾನು ತಂಗಿ ಮನೇಲೇ ಇದ್ದುಬಿಡ್ತೀನಿ" ಎಂದು ಹೇಳಿಯೇ ಹೋಗಿದ್ದಳು. ಇವತ್ತು ಹಿಮ ಬೀಳುವುದು ಖಂಡಿತ ಎಂದು ರೇಡಿಯೊ ಹೇಳಿತ್ತು.

ಆ ಬಾಳೆಯೇನು ಸಾಮಾನ್ಯವೇ! ತಿನ್ನುವಂಥ ಹಣ್ಣು ಬಿಡುವುದಿಲ್ಲ, ನಿಜ. ಆದರೆ ಬೆರಳುದ್ದದ ಕಂದಾಗಿ ಬಂದದ್ದು ಈಗೀಗ ಬೇಸಿಗೆಯಲ್ಲಿ ಮಹಡಿಯ ಕಿಟಕಿಗೆ ಎಲೆ ಬಡಿಯುತ್ತಿತ್ತು. ಮಸಿ ಹಿಡಿದ ಇಟ್ಟಿಗೆಯ ಆ ಬೀದಿಯಲ್ಲಿ ಅಷ್ಟು ಹಸಿರು ಕಂಡು ಹಾಲಿನವನು ಗಾಡಿ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ವಿಲ್ಫ್ರೆಡ್ ಎಲೆಗಳನ್ನು ಕತ್ತರಿಸಿ, ದಿಂಡಿನ ಸುತ್ತ ತಂತಿಬಲೆ ಕಟ್ಟಿ, ಒಳಗೆ ಹುಲ್ಲು ತುಂಬಿದ. ಗಾಳಿ ತಡೆಯಲು ತನ್ನ ಹಳೇ ಕೋಟು ಹೊದಿಸಿದ. ಮಳೆನೀರು ಇಳಿಯದಿರಲೆಂದು ಮೇಲೊಂದು ಟೋಪಿ. ಸೊಂಟ ಹಿಡಿದುಕೊಂಡಿತು. ಒಳಗೆ ಹೋಗಿ ಚಹಾ ಕುಡಿದು ಅಡ್ಡಾದವನು ಗೊರಕೆ ಹೊಡೆಯತೊಡಗಿದ.

ಮಧ್ಯಾಹ್ನ ಮಿಸೆಸ್ ಹೆಪ್‌ವರ್ತ್ ಗಂಡ ಬ್ಯಾರಿಯ ಜೊತೆ ಗೊಂಬೆ ಒಯ್ಯಲು ಬಂದಳು. "ಅಬ್ಬಾ! ಇಂಥ ಗೈ ಈ ಬೀದಿ ಕಂಡೇ ಇಲ್ಲ!"

ಬ್ಯಾರಿ ಅಲುಗಾಡಿಸಿದ. "ಕಂಬ ನೆಟ್ಟಿದಾನೆ ಕಣೇ. ಗರಗಸ ತಾ." ಕಂಬ ಬೆಣ್ಣೆಯಂತೆ ಕೊಯ್ದುಬಂದಾಗ ಅವನಿಗೆ ತನ್ನ ತೋಳಿನ ಮೇಲೆಯೇ ಗೌರವ ಹುಟ್ಟಿತು.

ಕತ್ತಲಾಗುವಾಗ ಗದ್ದಲಕ್ಕೆ ಎಚ್ಚೆತ್ತ ವಿಲ್ಫ್ರೆಡ್ ಬೀದಿಯ ಕೊನೆಯ ಬಯಲಿಗೆ ಬಂದು ನೋಡುತ್ತಾನೆ: ಬೆಂಕಿಯ ತುದಿಯಲ್ಲಿ ತನ್ನದೇ ಕೋಟು! ಕೋಟು ಉರಿಯಿತು, ಟೋಪಿ ಉರಿಯಿತು, ಹುಲ್ಲು ಭಗ್ಗೆಂದಿತು. ಒಳಗಿನ ದಪ್ಪ ದಿಂಡು ಮಾತ್ರ ಬುಸುಗುಟ್ಟುತ್ತ, ಹಬೆಯಾಡುತ್ತ, ನಿಂತೇ ಇತ್ತು. ಬೀದಿಗೆ ಬೀದಿಯೇ ಕತ್ತೆತ್ತಿ ನೋಡಿತು. ಯಾರೋ ಟೋಪಿ ತೆಗೆದರು.

"ದೇವರೇ, ಇದು ಸುಡ್ತಾನೇ ಇಲ್ವಲ್ಲ!" ಬ್ಯಾರಿಯ ಕೈಯಲ್ಲಿದ್ದ ಶುಂಠಿ ಕೇಕು ಜಾರಿ ಬಿತ್ತು.

"ರೀ," ಎಂದು ಹಿಂದಿನಿಂದ ದನಿ ಬಂತು. ಕೈಯಲ್ಲಿ ಚೀಲ ಹಿಡಿದ ಎನಿಡ್! "ಅದು ನಮ್ಮ ಬಾಳೆ ಅಲ್ವಾ?"

"ಹೂಂ," ಎಂದ ವಿಲ್ಫ್ರೆಡ್.

ಎನಿಡ್ ಮನೆಯತ್ತ ಓಡಿದಳು. ಬೀದಿಯೂ ಹಿಂದೆ ಓಡಿತು. ಟಾರ್ಚಿನ ಬೆಳಕಿನಲ್ಲಿ ಎಲ್ಲರೂ ಬಗ್ಗಿ ನೋಡಿದರು. ಕೊಯ್ದ ಬುಡದ ನಡುವಿನಿಂದ ಎಳೆಯ ಸುರುಳಿಯೊಂದು ಆಗಲೇ ಉಗುರಿನಷ್ಟು ಮೇಲೆ ಬಂದಿತ್ತು. ಸುತ್ತ ಮಣ್ಣು ಸೀಳಿ ಕಂದುಗಳು ಇಣುಕುತ್ತಿದ್ದವು. ಕೊಯ್ದರೂ ಹಟ ಬಿಡದ ಜೀವ!

ಎನಿಡ್‌ಳ ಕಣ್ಣು ತುಂಬಿತು. "ಕಂದುಗಳಿಗೆ ಶಕ್ತಿ ಹೋಗ್ಲಿ ಅಂತ ನೀವೇ ಕಡಿದ್ರಾ?"

"ಹೂಂ." ಬದುಕಿದೆಯಾ ಬಡಜೀವವೇ!

"ನಮಗೂ ಒಂದು ಕಂದು ಬೇಕಪ್ಪಾ!" ಎಂದಳು ಮಿಸೆಸ್ ಹೆಪ್‌ವರ್ತ್. ನಮಗೂ, ನಮಗೂ ಎಂದಿತು ಬೀದಿ.

"ಮೇ ತಿಂಗಳಲ್ಲಿ ಗೆಡ್ಡೆ ಬಿಡಿಸಿ ಇವರೇ ಎಲ್ಲರ ಮನೇಲೂ ನೆಟ್ಟು ಕೊಡ್ತಾರೆ. ಅಲ್ವೇನ್ರೀ?" ಎಂದಳು ಎನಿಡ್.

"ಹೂಂ."

"ಚಳಿಗಾಲ ಬಂದ್ರೆ ಅಷ್ಟೂ ಬಾಳೆಗೆ ಹೊದಿಸೋದೂ ಇವರೇ."

"ಹೂಂ."

ಎನಿಡ್ ಒಳಗೆ ಹೋಗಿ, ಅವನ ಹಾಸಿಗೆಯ ಮೇಲಿದ್ದ ದಪ್ಪ ರಜಾಯಿ ತಂದು ಬುಡಕ್ಕೆ ಬೆಚ್ಚಗೆ ಹೊದಿಸಿದಳು. ಹಿಮ ಬೀಳತೊಡಗಿತ್ತು. ಆಗ ವಿಲ್ಫ್ರೆಡನಿಗೆ ನಿಜವಾಗಿ ಎಚ್ಚರವಾಯಿತು.

"ಅಯ್ಯೋ, ಮತ್ತೆ ನಾನೇನು ಹೊದ್ಕೊಳ್ಳಲೇ?"

ಎನಿಡ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕ್ರೀ, ನೀವೇನು ಮೇ ತಿಂಗಳಲ್ಲಿ ಕಂದು ಹಾಕ್ತೀರಾ?"