‘ಆ ಗಂಡಸಿನ ಮಾತಿನ ಅರ್ಥವೇನು?’ ಎಂದು ಕೇಳುವ ಧ್ವನಿಯವರಿಗೆ

ಮಾನ್ಯರೇ,

ನಮ್ಮ ಲಿನ್ ಪಾಸಾದಳು! ಮೊದಲು ಕ್ಷೇಮ ಸಮಾಚಾರ, ಆಮೇಲೆ ವಿಷಯ ಎಂಬ ಕ್ರಮವನ್ನು ತಿಪಟೂರಿನ ಕಾನ್ವೆಂಟಿನಲ್ಲಿ ನನಗೆ ಹತ್ತು ವರ್ಷ ಕಲಿಸಿದ್ದಾರೆ, ಆದರೂ ಸುದ್ದಿ ಬಾಯಲ್ಲಿ ನಿಲ್ಲಲಿಲ್ಲ, ಕ್ಷಮಿಸಿ. ಈಗ ಕ್ರಮವಾಗಿ ವಿಚಾರಿಸುತ್ತೇನೆ. ತಾವು ಕ್ಷೇಮವೇ? ತಮ್ಮ ಗಂಟಲು ಕ್ಷೇಮವೇ? ತಮ್ಮ ಜೊತೆ ಅದೇ ಕ್ಯಾಸೆಟ್ಟಿನಲ್ಲಿ ವಾಸವಾಗಿರುವ ಆ ಗಂಡಸು ಮತ್ತು ಆ ಹೆಂಗಸು ದಿನಾ ಬಸ್ಸು ತಪ್ಪಿಸಿಕೊಳ್ಳುತ್ತ, ಲೈಬ್ರರಿಯ ಪುಸ್ತಕ ಹಿಂದಿರುಗಿಸಲು ಮರೆಯುತ್ತ ಎಂದಿನಂತೆ ಸುಖವಾಗಿದ್ದಾರೆಯೇ?

ತಮ್ಮ ವಿಳಾಸ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಇದ್ದೇ ಇರಬೇಕು, ಆದರೆ ಅದು ಚೀನೀ ಲಿಪಿಯಲ್ಲಿರುವುದರಿಂದ ನನ್ನ ಪಾಲಿಗೆ ಇಲ್ಲದಂತೆಯೇ ಆಗಿದೆ. ಆದ್ದರಿಂದ ಈ ಪತ್ರವನ್ನು ಎಲ್ಲರೂ ಓದುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ತಮ್ಮನ್ನು ಅರಿಯದವರಿಗೆ ತಮ್ಮ ಪರಿಚಯ ಮಾಡಿಕೊಡುವುದೂ ನನ್ನ ಕರ್ತವ್ಯ. ಚೀನಾದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಬರೆಯಬೇಕಾದ ಇಂಗ್ಲಿಷ್ ಪರೀಕ್ಷೆಯೊಂದಿದೆ. ಅದಕ್ಕೆ ಅಭ್ಯಾಸ ಮಾಡಿಸುವ ಕ್ಯಾಸೆಟ್ಟಿನಲ್ಲಿ ಒಬ್ಬ ಹೆಂಗಸು ಒಂದು ಮಾತು, ಒಬ್ಬ ಗಂಡಸು ಒಂದು ಮಾತು ಆಡುತ್ತಾರೆ. ಆಮೇಲೆ, ಯಾರೂ ಕರೆಯದಿದ್ದರೂ ಬಂದು, ‘ಆ ಗಂಡಸಿನ ಮಾತಿನ ಅರ್ಥವೇನು?’ ಎಂದು ಗಂಭೀರವಾಗಿ ಕೇಳುವ ಮೂರನೆಯ ಧ್ವನಿ ತಾವು. ಕೇಳಿಸಿಕೊಂಡವರು ಎ, ಬಿ, ಸಿ, ಡಿ ಎಂಬ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಇಷ್ಟು ಚಿಕ್ಕ ಕೆಲಸದಿಂದ ಒಂದು ಹೊಸ ಸಂಸಾರವನ್ನು ಎಷ್ಟರಮಟ್ಟಿಗೆ ಕಲಕಬಹುದು ಎಂಬುದನ್ನು ತೋರಿಸಿಕೊಟ್ಟ ಕೀರ್ತಿ ತಮ್ಮದೇ.

ನಾನು ಮೇಘಶ್ರೀ. ಮದುವೆಯಾಗಿ ಹತ್ತು ವಾರವಾಯಿತು. ಅತ್ತೆಯ ಮನೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದಂತೆ, ಬರೆಯಬಾರದು ಎಂದು ಮಾತ್ರ ಯಾರೂ ಹೇಳಿಲ್ಲವಾದ್ದರಿಂದ ಸಂತೋಷವಾಗಿ ಬರೆಯುತ್ತೇನೆ: ತಿಮ್ಮೇಶ್, ತಿಮ್ಮೇಶ್, ತಿಮ್ಮೇಶ್. ಅವರು ಬೇಲೂರಿನಲ್ಲಿ ವಿದ್ಯುತ್ ಮೀಟರ್ ರೀಡರ್. ಮನೆಮನೆಗೆ ಹೋಗಿ, ತಲೆಯೆತ್ತಿ ನೋಡಿ, ಒಂದು ಸಂಖ್ಯೆ ಬರೆದುಕೊಂಡು ಮುಂದಿನ ಮನೆಗೆ ನಡೆಯುವುದು ಅವರ ವೃತ್ತಿ, ಮತ್ತು ಅದೇ ಅವರ ಸ್ವಭಾವ. ಅವರು ಒಳ್ಳೆಯವರು, ನೋಡಲು ಇನ್ನೂ ಒಳ್ಳೆಯವರು. ಆದರೆ ನನ್ನ ಮೇಲೆ ಅವರಿಗೆ ಪ್ರೀತಿ ಇದೆಯೋ, ಅಥವಾ ಮನೆಯಲ್ಲಿ ಹೊಸದಾಗಿ ಕೂಡಿಸಿದ ಒಂದು ಮೀಟರಿನಂತೆ ನನ್ನನ್ನೂ ನೋಡಿಕೊಂಡು ಹೋಗುತ್ತಾರೋ ಎಂಬುದನ್ನು ಈ ಹತ್ತು ವಾರಗಳಲ್ಲಿ ಅವರು ಬಾಯಿಬಿಟ್ಟು ಹೇಳಿಲ್ಲ. ನನ್ನ ಜೀವನದ ಪರೀಕ್ಷೆ ಇದೊಂದೇ. ಇದಕ್ಕೆ ಅಭ್ಯಾಸದ ಕ್ಯಾಸೆಟ್ಟಿಲ್ಲ.

ಅತ್ತೆಯ ಮನೆಗೆ ಕಾಲಿಟ್ಟ ದಿನ ಹಿಂದಿನ ಕೋಣೆಯಲ್ಲಿ ಲಿನ್ ಇದ್ದಳು. ಚೀನಾದ ಒಂದು ಚಿತ್ರಕಲಾ ಕಾಲೇಜಿನವಳು, ಬಸ್ತಿಹಳ್ಳಿಯ ಜೈನ ಬಸದಿಯ ಕಂಬಗಳನ್ನು ಪೆನ್ಸಿಲಿನಲ್ಲಿ ಬಿಡಿಸಲು ನಾಲ್ಕು ತಿಂಗಳಿಂದ ನಮ್ಮಲ್ಲಿ ಬಾಡಿಗೆಗಿದ್ದಳು. ಕಂಬಗಳನ್ನು ಎಷ್ಟು ಚೆನ್ನಾಗಿ ಬಿಡಿಸಿದರೂ ಇಂಗ್ಲಿಷ್ ಪರೀಕ್ಷೆ ಪಾಸಾಗದೆ ಅವಳ ಕಾಲೇಜು ಪದವಿ ಕೊಡುವುದಿಲ್ಲ. ಎರಡು ಸಲ ಫೇಲಾಗಿದ್ದಳು, ಜೂನಿನದು ಕೊನೆಯ ಅವಕಾಶ. ನನ್ನ ಅತ್ತೆ ಗಿರಿಯಮ್ಮನವರು ನನ್ನ ತಲೆಯ ಮೇಲಿನ ಅಕ್ಷತೆ ಉದುರುವ ಮುಂಚೆಯೇ, “ನನ್ ಸೊಸೆ ಇಂಗ್ಲೀಸ್‌ನಾಗೇ ಓದಿರೋಳು ಕಣವ್ವ, ಇನ್ ನಿಂಗ್ಯಾಕೆ ಯೋಚ್ನೆ, ಅವ್ಳು ಹೇಳ್ಕೊಡ್ತಾಳೆ” ಎಂದು ಲಿನ್ನಳಿಗೆ ಮಾತು ಕೊಟ್ಟುಬಿಟ್ಟರು. ಹೀಗೆ ನನ್ನ ಮದುವೆಯ ಮೊದಲ ಇಪ್ಪತ್ತಾರು ಸಂಜೆಗಳು, ಅಂದರೆ ತಿಮ್ಮೇಶರು ಬೇಲೂರಿನಿಂದ ಬಂದು, ಮುಖ ತೊಳೆದು, ಜಗಲಿಯಲ್ಲಿ ಸುಮ್ಮನೆ ಕೂರುವ ಅಮೂಲ್ಯ ಸಂಜೆಗಳು, ತಮ್ಮ ಪಾದಗಳಿಗೆ ಅರ್ಪಿತವಾದವು.

ತಮ್ಮ ಪ್ರಶ್ನೆಗಳ ಆಳವನ್ನು ನಾವು ಮೊದಲು ಅರಿತದ್ದು ಕೇಕಿನ ಪ್ರಸಂಗದಲ್ಲಿ. ಹೆಂಗಸು ಇನ್ನೊಂದು ತುಂಡು ಕೇಕ್ ಹಾಕಲೇ ಎನ್ನುತ್ತಾಳೆ, ಗಂಡಸು ಬೇಡ, ಹೊಟ್ಟೆ ತುಂಬಿದೆ ಎನ್ನುತ್ತಾನೆ. ಹೆಂಗಸು ಈಗ ಏನು ಮಾಡಬಹುದು ಎಂದು ತಾವು ಕೇಳಿದಿರಿ. ಎ, ತಟ್ಟೆ ತೆಗೆಯುತ್ತಾಳೆ. ಬಿ, ಇನ್ನೊಂದು ತುಂಡು ಹಾಕುತ್ತಾಳೆ. ಸಿ ಮತ್ತು ಡಿ ಏನೆಂದು ನೋಡುವ ಅಗತ್ಯವೇ ನಮಗೆ ಕಾಣಲಿಲ್ಲ. ನಾನು ಬಿ ಎಂದೆ. ಲಿನ್ ಬಿ ಎಂದಳು, ಏಕೆಂದರೆ ‘ಸಾಕು’ ಎಂದು ಮೂರು ಸಲ ಹೇಳಿ ತಟ್ಟೆಯ ಮೇಲೆ ಬೋರಲಾಗಿ ಬಿದ್ದರೂ ಮುದ್ದೆ ಬೀಳುತ್ತದೆ ಎಂಬುದು ನಾಲ್ಕು ತಿಂಗಳಲ್ಲಿ ಅವಳಿಗೆ ಮನವರಿಕೆಯಾಗಿತ್ತು. ಪುಸ್ತಕದ ಹಿಂದೆ ನೋಡಿದರೆ ಸರಿಯುತ್ತರ ಎ. ನಾನು ಅತ್ತೆಗೆ ಕನ್ನಡದಲ್ಲಿ ವಿವರಿಸಿದಾಗ ಅವರು ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. “ಒಂದ್ಸಲ ಬ್ಯಾಡ ಅಂದ್ರೆ ತಟ್ಟೆ ಎತ್ಬುಡ್ತಾಳಾ? ಯಾವ ಸೀಮೆ ಹೆಂಗ್ಸೇ ಇವ್ಳು! ಪಾಪ, ಆ ಗಂಡ್ಸು ನಾಚ್ಕೊಂಡಿರ್ತಾನೆ.”

ನನ್ನ ಬೋಧನೆಯ ಫಲ ಒಂದೇ ವಾರದಲ್ಲಿ ಕಾಣಿಸಿತು. ನಾನು ಬರುವ ಮುಂಚೆ ಲಿನ್ ತಾನಾಗಿಯೇ ಇಪ್ಪತ್ತಕ್ಕೆ ಹನ್ನೊಂದು ತೆಗೆಯುತ್ತಿದ್ದಳು, ಇಂಗ್ಲಿಷ್ ಮೀಡಿಯಂ ಸೊಸೆಯ ಪರಿಶ್ರಮದಿಂದ ಅದು ಏಳಕ್ಕೆ ಬಂತು. ಅವಳು ಅಳಲಿಲ್ಲ. ಪೆನ್ಸಿಲುಗಳನ್ನೆಲ್ಲ ಉದ್ದದ ಪ್ರಕಾರ ಜೋಡಿಸಿ ಡಬ್ಬಿಯಲ್ಲಿಟ್ಟು, ನಮ್ಮ ಮನೆಯಲ್ಲಿ ಕಲಿತ ಕನ್ನಡದಲ್ಲಿ, “ಅಕ್ಕ, ನಾನು ಫೇಲಾದರೂ ಕಂಬ ಇಲ್ಲೇ ಇರುತ್ತೆ ಅಲ್ವಾ?” ಎಂದಳು. ಅಳುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಆಗ ಜಗಲಿಯಿಂದ ತಿಮ್ಮೇಶರು ಮಾತಾಡಿದರು. ಮಾನ್ಯರೇ, ಮಾತಾಡಿದರು! “ಮೀಟರ್ ಎಷ್ಟು ತೋರಿಸ್ತೈತೋ ಅಷ್ಟೇ ಬರ್ಕೋಬೇಕು. ಮನೆಯವ್ರು ಎಷ್ಟು ಉರಿಸಿರ್ಬೋದು ಅಂತ ಊಹೆ ಮಾಡಾಕ್ ಹೋಗ್ಬಾರ್ದು. ಆ ಹೆಂಗ್ಸು ನಮ್ಮವ್ವ ಅಲ್ಲ, ಅವ್ರೇನಂದ್ರೋ ಅದ್ನ ಮಾತ್ರ ಕೇಳ್ಕೊ ಅನ್ನು.” ಮದುವೆಯಾದಂದಿನಿಂದ ಅವರು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಇದು. ನಾನು ಕಣ್ಣೊರೆಸಿಕೊಳ್ಳುವುದನ್ನು ಮರೆತು ಅವರನ್ನೇ ನೋಡಿದೆ. ಲಿನ್ ಅದನ್ನು ಬರೆದುಕೊಂಡಳು. ಮರುದಿನದಿಂದ ಅವಳು ನಮ್ಮ ಮನೆಯನ್ನು ತಲೆಯಿಂದ ಆಚೆಗಿಟ್ಟು ಕೇಳತೊಡಗಿದಳು, ಹನ್ನೆರಡಾಯಿತು, ಹದಿನಾಲ್ಕಾಯಿತು.

ಅಂಕ ಹದಿನಾಲ್ಕಕ್ಕೆ ಏರಿದ ದಿನವೇ ಟೇಪ್‌ರೆಕಾರ್ಡರು ತಮ್ಮನ್ನು ನುಂಗಿತು. ಕಂದು ಬಣ್ಣದ ರೀಲನ್ನು ಕರುಳಿನಂತೆ ಹೊರಗೆಳೆದು, ಪೆನ್ಸಿಲು ತೂರಿಸಿ ಸುತ್ತಿದರೂ ತಾವು ನೀರಿನೊಳಗಿಂದ ಮಾತಾಡುವವರಂತೆ ಗುಳುಗುಳು ಎಂದಿರಿ. ಪರೀಕ್ಷೆಗೆ ಉಳಿದದ್ದು ಎರಡು ವಾರ. ಬೇರೆ ದಾರಿ ಇರಲಿಲ್ಲ, ಪುಸ್ತಕದ ಹಿಂದೆ ಅಚ್ಚಾಗಿದ್ದ ಸಂಭಾಷಣೆಗಳನ್ನು ನಾವೇ ಓದಬೇಕಾಯಿತು. ಹೆಂಗಸು ನಾನು. ಗಂಡಸಿನ ದನಿಯೂ ಬೇಕೇ ಬೇಕು ಎಂದು ಲಿನ್ ಹಠ ಹಿಡಿದಳು. ತಿಮ್ಮೇಶರು ಕನ್ನಡ ಮೀಡಿಯಂ, ಆದರೂ ಪುಸ್ತಕವನ್ನು ದೂರ ಹಿಡಿದು, ಒಂದೊಂದೇ ಪದವನ್ನು ಅಂಕಿ ಓದಿದಂತೆ ಓದಿದರು. ತಮ್ಮ ಘನವಾದ ಹುದ್ದೆಯನ್ನು ನಮ್ಮ ಅತ್ತೆ ವಹಿಸಿಕೊಂಡು, ಪ್ರತಿ ಸಂಭಾಷಣೆ ಮುಗಿದ ಮೇಲೂ ಅವರೇಕಾಯಿ ಸುಲಿಯುತ್ತ, “ಏನಂದಾ ಈಗ ಇವ್ನು?” ಎಂದು ಕೇಳುತ್ತಿದ್ದರು. ಬೇಸರ ಮಾಡಿಕೊಳ್ಳಬೇಡಿ, ಆ ಕೆಲಸ ತಮಗಿಂತ ಅವರಿಗೆ ಚೆನ್ನಾಗಿ ಒಪ್ಪುತ್ತಿತ್ತು.

ಈಗ ನನ್ನ ದೂರಿನ ಮುಖ್ಯಭಾಗಕ್ಕೆ ಬರುತ್ತೇನೆ. ಹದಿನೇಳನೆಯ ಪಾಠದಲ್ಲಿ ಗಂಡಸು, ಶನಿವಾರ ಸಂಜೆ ಬಿಡುವಿದ್ದರೆ ನನ್ನ ಜೊತೆ ಊಟಕ್ಕೆ ಬರುತ್ತೀಯಾ ಎಂದು ಹೆಂಗಸನ್ನು ಕೇಳುತ್ತಾನೆ. ತಿಮ್ಮೇಶರು ಅದನ್ನು ಓದಿದರು. ಕಿವಿ ಕೆಂಪಾಗಿತ್ತು, ಪುಸ್ತಕದಿಂದ ತಲೆಯೆತ್ತಿ, ಮಾನ್ಯರೇ, ನನ್ನ ಮುಖವನ್ನೇ ನೋಡಿ ಕೇಳಿದರು. ನನ್ನ ಗಂಡ ನನಗೆ ಆಡಿದ ಮೊದಲ ಮೃದುವಾದ ಮಾತು. ಅದಕ್ಕೆ ನಾನು ತಮ್ಮ ಪುಸ್ತಕದ ಪ್ರಕಾರ ಕೊಡಬೇಕಾಗಿದ್ದ ಉತ್ತರವೋ, ಬರುವ ಆಸೆಯೇನೋ ಇದೆ, ಆದರೆ ಶನಿವಾರ ನಾನು ತಲೆ ತೊಳೆದುಕೊಳ್ಳಬೇಕು, ಎಂದು. ಲಿನ್ ಪೆನ್ಸಿಲು ಹಿಡಿದು ಕಾಯುತ್ತಿದ್ದಳು. ಅವಳ ಪದವಿಯ ಪ್ರಶ್ನೆ. ನಾನು ಓದಿದೆ. “ಏನಂದ್ಲು?” ಎಂದರು ಅತ್ತೆ. “ಬರಲ್ಲ ಅಂದಳು ಅಮ್ಮ,” ಎಂದು ಲಿನ್ ಸರಿಯುತ್ತರಕ್ಕೆ ಗುರುತು ಹಾಕಿದಳು. “ಗಂಡ ಕರುದ್ರೆ ತಲೆ ತೊಳೀಬೇಕು ಅಂತಾಳಾ? ಯಾವ ಪುಸ್ತಕನೇ ಇದು, ಸಂಸಾರ ಒಡೆಯೋ ಪುಸ್ತಕ!” ತಿಮ್ಮೇಶರು ಹದಿನೆಂಟನೆಯ ಪಾಠಕ್ಕೆ ಹಾಳೆ ತಿರುಗಿಸಿದರು. ಇಂಥ ಉತ್ತರವನ್ನು ಯೋಚಿಸಿ, ಅಚ್ಚುಹಾಕಿ, ಸಾವಿರಾರು ಮೈಲಿ ದೂರದ ಬಸ್ತಿಹಳ್ಳಿಗೆ ಮುಟ್ಟಿಸಿದ ತಮ್ಮ ಬಳಗದ ದಕ್ಷತೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಲಿನ್ ಪರೀಕ್ಷೆಗೆಂದು ಊರಿಗೆ ಹೊರಟುಹೋದಳು. ತಾವು ಹೋಗಲಿಲ್ಲ. ಈಗ ಯಾರು ಏನು ಮಾತಾಡಿದರೂ ಕೊನೆಯಲ್ಲಿ ತಮ್ಮ ಪ್ರಶ್ನೆ ನನ್ನ ಕಿವಿಯಲ್ಲಿ ಮೊಳಗುತ್ತದೆ. ಅತ್ತೆ “ನಿಂಗೆ ಹೆಂಗ್ ಬೇಕೋ ಹಂಗ್ ಮಾಡ್ಕಳವ್ವ” ಎಂದರೆ ನನ್ನ ಕಣ್ಣ ಮುಂದೆ ನಾಲ್ಕು ಉತ್ತರಗಳು ಸಾಲಾಗಿ ನಿಲ್ಲುತ್ತವೆ, ನಾಲ್ಕೂ ‘ಹಾಗೆ ಮಾಡಬೇಡ’ ಎಂದೇ ಇರುತ್ತವೆ. ಆಷಾಢ ಹುಟ್ಟಿತು. ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸ್ತಿಲು ದಾಟಬಾರದು ಎಂದು ನನ್ನನ್ನು ತಿಂಗಳ ಮಟ್ಟಿಗೆ ತಿಪಟೂರಿನ ತವರಿಗೆ ಕಳಿಸಿದರು. ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಕಿಟಕಿಯಿಂದ ಕೈ ಹೊರಗಿಟ್ಟುಕೊಂಡು ಕಾದೆ. ತಿಮ್ಮೇಶರು ಬಹಳ ಹೊತ್ತು ಯೋಚಿಸಿ, “ಛತ್ರಿ ತಗಂಡಿದೀಯಾ?” ಎಂದರು. ಆ ಗಂಡಸಿನ ಮಾತಿನ ಅರ್ಥವೇನು? ಮಳೆ ಬರಬಹುದು ಎಂದೇ? ಅದು ಅವರ ಛತ್ರಿ ಎಂದೇ? ನೆನೆಯಬೇಡ, ನೀನು ನನಗೆ ಬೇಕಾದವಳು ಎಂದೇ? ಹದಿನೈದು ದಿನ ನಾನು ಆ ಛತ್ರಿಯನ್ನು ಬಿಚ್ಚಿ ಮುಚ್ಚಿ ನೋಡಿದ್ದೇನೆ, ಉತ್ತರ ಅದರೊಳಗೆ ಇಲ್ಲ.

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಮುಂದಿನ ಮುದ್ರಣದಲ್ಲಿ, ಪುಸ್ತಕದ ಹಿಂದೆ, ತಿಮ್ಮೇಶರ ಈವರೆಗಿನ ಎಲ್ಲ ಮಾತುಗಳ ಸರಿಯುತ್ತರಗಳನ್ನೂ ದಯವಿಟ್ಟು ಸೇರಿಸಬೇಕು, ಬಹಳ ಜಾಗ ಬೇಕಾಗುವುದಿಲ್ಲ, ಅರ್ಧ ಪುಟ ಸಾಕು. ಹದಿನೇಳನೆಯ ಪಾಠದ ಹೆಂಗಸು ಗುರುವಾರವೇ ತಲೆ ತೊಳೆದುಕೊಳ್ಳುವಂತೆ ತಾವು ಖುದ್ದಾಗಿ ಏರ್ಪಾಟು ಮಾಡಬೇಕು. ಮತ್ತು ತಾವು ಒಮ್ಮೆ ಬಸ್ತಿಹಳ್ಳಿಗೆ ಊಟಕ್ಕೆ ಬಂದು, ನಮ್ಮ ಅತ್ತೆಯ ಎದುರು ಕೂತು, ‘ಬೇಡ, ಹೊಟ್ಟೆ ತುಂಬಿದೆ’ ಎಂದು ಹೇಳಿ, ಮುಂದೆ ಏನಾಗುತ್ತದೆ ಎಂಬುದಕ್ಕೆ ತಾವೇ ಗುರುತು ಹಾಕಬೇಕು.

ಇಷ್ಟು ಬರೆದು ಮುಗಿಸಬೇಕೆಂದಿದ್ದೆ. ಆದರೆ ಲಿನ್ ಪಾಸಾದ ಸುದ್ದಿ ನನಗೆ ತಲುಪಿದ ಬಗೆಯನ್ನು ಹೇಳದಿದ್ದರೆ ತಮಗೆ ಅನ್ಯಾಯವಾಗುತ್ತದೆ. ಅವಳು ಬಸ್ತಿಹಳ್ಳಿಗೆ ಫೋನು ಮಾಡಿದ್ದಳಂತೆ, ಇಂದು ಬೆಳಿಗ್ಗೆ ತಿಮ್ಮೇಶರು ಅದನ್ನು ನನಗೆ ತಿಳಿಸಲು ತಿಪಟೂರಿಗೆ ಫೋನು ಮಾಡಿದರು. “ಲಿನ್ನಮ್ಮ ಪಾಸಾದ್ಲು.” ನಾನು ಕಿರುಚಿದೆ. ಅವರು ಕಿರುಚಾಟ ಮುಗಿಯುವವರೆಗೆ ಕಾದರು. “ಭಾನ್ವಾರ ನಂಗೆ ಅರಸೀಕೆರೇಲಿ ಕೆಲ್ಸ ಐತೆ.” ಆಮೇಲೆ, “ಸ್ಟೇಷನ್ ಹತ್ರ. ಸಂಜೆಗಂಟ ಐತೆ” ಎಂದರು. ಅಷ್ಟರಲ್ಲಿ ಫೋನನ್ನು ಯಾರೋ ಕಿತ್ತುಕೊಂಡ ಸದ್ದಾಯಿತು. “ಮೇಘಾ, ಆಸಾಡ್ದಾಗೆ ಹೊಸ್ಲು ದಾಟ್ಬಾರ್ದು ಅಂತ ಹಿರೀಕ್ರು ಹೇಳವ್ರೆ ಕಣವ್ವ, ನಾನೇನ್ ಇಲ್ಲ ಅನ್ನಲ್ಲ,” ಎಂದರು ಅತ್ತೆ. “ಆದ್ರೆ ರೈಲ್ವೆ ಸ್ಟೇಷನ್‌ಗೆ ಹೊಸ್ಲು ಇರಾಕಿಲ್ಲ, ಅಲ್ವಾ? ಸುಮ್ನೆ ಕೇಳ್ದೆ.” ಫೋನು ಇಟ್ಟೇಬಿಟ್ಟರು.

ಭಾನುವಾರ ಯಾರ ಮನೆಯ ಮೀಟರನ್ನೂ ಯಾರೂ ಓದುವುದಿಲ್ಲ. ಅರಸೀಕೆರೆ ತಿಮ್ಮೇಶರ ಸರಹದ್ದಿಗೆ ಸೇರಿದ್ದೂ ಅಲ್ಲ, ಬಸ್ತಿಹಳ್ಳಿಗೂ ತಿಪಟೂರಿಗೂ ನಡುವಿನ ಊರು, ಅಷ್ಟೇ. ತೋರಿಸಿದಷ್ಟನ್ನೇ ಬರೆದುಕೊಳ್ಳಬೇಕೆಂಬ ಅವರ ನಿಯಮವನ್ನು ನಾನು ತುಂಬು ಗೌರವದಿಂದ ಮುರಿಯುತ್ತಿದ್ದೇನೆ. ಎ, ಬಿ, ಸಿ ಮೂರನ್ನೂ ಓದದೆ ಡಿ ಗೆ ಗುರುತು ಹಾಕಿದ್ದೇನೆ. ಡಿ ಏನೆಂದು ಇಲ್ಲಿ ಬರೆಯುವುದಿಲ್ಲ, ಇದು ಬಹಿರಂಗ ಪತ್ರ, ನಮ್ಮ ಅಪ್ಪನೂ ಓದುತ್ತಾರೆ.

ಯಾವ ಪ್ರಶ್ನೆಗೂ ಇನ್ನು ಸಿಗದ,
ತಮ್ಮ ವಿಶ್ವಾಸಿ,
ಮೇಘಶ್ರೀ ತಿಮ್ಮೇಶ್

ತಾ.ಕ.: ಗಂಡಸಿನ ಮಾತಿಗೆ ಅರ್ಥ ಕೇಳಿ ಕೇಳಿ ದಣಿದಿರುವ ತಮಗೆ, ಅರ್ಥ ಹುಡುಕಬೇಕಾಗಿಯೇ ಇಲ್ಲದಂಥ ಒಂದು ಹೆಂಗಸಿನ ಮಾತನ್ನೂ ಕೇಳಿಸಿ ಪತ್ರ ಮುಗಿಸುತ್ತೇನೆ. ಇದಕ್ಕೆ ನಾಲ್ಕು ಉತ್ತರಗಳನ್ನು ಕಲ್ಪಿಸುವ ತೊಂದರೆ ತೆಗೆದುಕೊಳ್ಳಬೇಡಿ, ಸ್ಟೇಷನ್ನಿಗೆ ಬರುವ ತೊಂದರೆಯಂತೂ ಖಂಡಿತ ಬೇಡ, ಅಲ್ಲಿ ಮೂರನೆಯವರಿಗೆ ಕೆಲಸವಿಲ್ಲ. ನಾನು ಅರಸೀಕೆರೆಯಲ್ಲಿ ಇಳಿಯುವುದು ಇದೇ ಜುಲೈ ಇಪ್ಪತ್ತೆಂಟು, ಭಾನುವಾರ, ಬೆಳಗಿನ ಬೆಂಗಳೂರು–ಅರಸೀಕೆರೆ ಪ್ಯಾಸೆಂಜರಿನಲ್ಲಿ.