ಬೆಲ್ಲದ ತೋಟಪ್ಪನ ಎಡಗೆನ್ನೆ

ಆ ಶುಕ್ರವಾರ ಬೆಳಿಗ್ಗೆ ಮೂರನೆಯ ಪೆಂಟಿಯಿಂದ ಮುರಿದ ಬೆಲ್ಲದ ಚೂರನ್ನು ನಾಲಗೆಯ ಮೇಲಿಟ್ಟುಕೊಂಡ ಸ್ವಲ್ಪ ಹೊತ್ತಿಗೇ ತೋಟಪ್ಪನ ಎಡಗೆನ್ನೆ ಉಬ್ಬತೊಡಗಿತು. ಹೋಳಿಗೆಗೆ ಕಟ್ಟಿದ ಹೂರಣದ ಉಂಡೆಯನ್ನು ಯಾರೋ ಕಿವಿಯ ಮುಂದೆ ಅಂಟಿಸಿ ಹೋದಂತೆ ಕಂಡಿತು.

ಕಂಪ್ಲಿಯ ಅಂದಾನಪ್ಪನ ಬೆಲ್ಲದ ಅಂಗಡಿಯಲ್ಲಿ ತೋಟಪ್ಪನದು ರುಚಿ ನೋಡುವ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೊಂದೇ. ಒಂದು ಚೂರು ಬಾಯಿಗಿಟ್ಟು, ಕಣ್ಣು ಮುಚ್ಚಿ, ಉಗುಳಿ, "ಇದು ಹೊಳಿ ದಂಡಿ ಕಬ್ಬು", "ಇದರ ಪಾಕಕ್ಕ ಸುಣ್ಣ ಜಾಸ್ತಿ ಬಿದ್ದೈತಿ" ಎಂದನೆಂದರೆ ಎದುರು ಮಾತಿಲ್ಲ. ಮನೆಗೆ ಹೆಬ್ಬೆರಳಿನಷ್ಟು ಬೆಲ್ಲವನ್ನೂ ಒಯ್ದವನಲ್ಲ. ಅದು ಅವನ ಗುಟ್ಟಾದ ಹೆಮ್ಮೆ.

ಅಂದು ರಾಯದುರ್ಗದಿಂದ ದೊಡ್ಡ ವ್ಯಾಪಾರಿಯೊಬ್ಬ ಬಂದು ಎದುರಿಗೇ ಕೂತಿದ್ದ. ತೋಟಪ್ಪನ ಮುಖ ನೋಡಿ ನಕ್ಕ.

"ಏನ್ರಿ ಅಂದಾನಪ್ಪನವ್ರೇ, ನಿಮ್ಮ ಮನುಷ್ಯಾ ಬೆಲ್ಲ ನೋಡ್ತಾನೋ, ದವಡ್ಯಾಗ ತುಂಬ್ಕೊಂತಾನೋ?"

ಅಂದಾನಪ್ಪನಿಗೆ ಮುಖಭಂಗವಾಯಿತು. "ಲೇ ತೋಟಪ್ಪಾ, ಬಾಯಿ ತೆಗಿ."

ತೋಟಪ್ಪ ತೆರೆದ. ಹಲ್ಲು, ನಾಲಗೆ, ಒಂದಿಷ್ಟು ಕತ್ತಲೆ, ಅಷ್ಟೆ.

"ನುಂಗಿರ್ತಾನ್ರಿ" ಎಂದ ವ್ಯಾಪಾರಿ.

"ನುಂಗಿದ್ರ ಹೊಟ್ಟಿ ಉಬ್ಬಬೇಕು, ಗಲ್ಲ ಯಾಕ ಉಬ್ಬತೈತ್ರಿ?" ಎಂದ ತೋಟಪ್ಪ. ನ್ಯಾಯವಾದ ಮಾತೇ. ಆದರೆ ಉಬ್ಬಿದ ಕೆನ್ನೆಯಿಂದ ಹೊರಟದ್ದರಿಂದ ಬಾಯಿ ತುಂಬ ಏನನ್ನೋ ಇಟ್ಟುಕೊಂಡವನ ಮಾತಿನಂತೆ ಕೇಳಿಸಿತು. ಅಂಗಡಿಯ ಹಮಾಲರೆಲ್ಲ ಗೊಳ್ಳೆಂದು ನಕ್ಕರು. "ಧೋತರ ಝಾಡಿಸು" ಎಂದ ಅಂದಾನಪ್ಪ. ತೋಟಪ್ಪ ಝಾಡಿಸಿದ. ಏನೂ ಉದುರಲಿಲ್ಲ. ಆದರೂ ಅಂದಾನಪ್ಪ ಅವನ ಕಣ್ಣಿಗೆ ಕಣ್ಣು ಕೊಡದೆ, "ಇವತ್ತು ಮನಿಗೆ ಹೋಗು" ಎಂದ.

ಹತ್ತೊಂಬತ್ತು ವರ್ಷದ ನಂಬಿಕೆ ಒಂದು ಗಲ್ಲದ ಬಾವಿನ ಮುಂದೆ ನಿಲ್ಲಲಿಲ್ಲವಲ್ಲ ಎಂದುಕೊಳ್ಳುತ್ತ ತೋಟಪ್ಪ ಮನೆಯ ದಾರಿ ಹಿಡಿದ. ನೋವು ದವಡೆಯಲ್ಲಿತ್ತೋ, ಇನ್ನೂ ಕೆಳಗೆಲ್ಲಾದರೂ ಇತ್ತೋ ಅವನಿಗೇ ತಿಳಿಯಲಿಲ್ಲ.

ಹೆಂಡತಿ ನೀಲಗಂಗಮ್ಮ ಗಾಬರಿಯಾಗಿ ಪಕ್ಕದ ಮನೆಯ ಜಂಬವ್ವನನ್ನು ಕರೆದಳು. ಜಂಬವ್ವ ಬೆರಳಿನಿಂದ ಒತ್ತಿ ನೋಡಿದಳು.

"ಮಂಗನಬಾವು. ಕೊರಳಿಗೆ ಬಂಗಾರ ಹಾಕವ್ವಾ, ಸರ್ರಂತ ಇಳಿತೈತಿ."

"ಈ ವಯಸ್ಸಿಗೇನು ಮಂಗನಬಾವು ಬೇ?" ಎಂದ ತೋಟಪ್ಪ.

"ಆ ಮಂಗ್ಯಾಗ ನಿನ್ನ ವಯಸ್ಸು ಗೊತ್ತೇನು? ಸುಮ್ನ ಕುಂದ್ರು."

ನೀಲಗಂಗಮ್ಮನ ಬಂಗಾರದ ಗುಂಡಿನ ಸರ ತೋಟಪ್ಪನ ಕೊರಳಿಗೆ ಬಂತು. ಕೆನ್ನೆಗೆ ಅರಿಶಿನದ ಪಟ್ಟು ಬಿತ್ತು. ಗಂಟೆಯೊಂದರಲ್ಲಿ ಬಾವು ನಿಜಕ್ಕೂ ಇಳಿಯಿತು. ಜಂಬವ್ವ ಓಣಿಗೆಲ್ಲ ಕೇಳುವಂತೆ, "ನಾ ಹೇಳಲಿಲ್ಲೇನು!" ಎಂದಳು. ಆ ಸಂತೋಷಕ್ಕೆ ನೀಲಗಂಗಮ್ಮ ರೊಟ್ಟಿ, ಹುಣಸೆ ಚಟ್ನಿ ಬಡಿಸಿದಳು. ಎರಡನೆಯ ತುತ್ತಿಗೆ ಕೆನ್ನೆ ಮೊದಲಿಗಿಂತಲೂ ದೊಡ್ಡದಾಗಿ ಎದ್ದು ಕೂತಿತು.

"ಬಂಗಾರ ಸಾಲಲಿಲ್ಲ" ಎಂದು ತೀರ್ಪು ಕೊಟ್ಟು, ಜಂಬವ್ವ ಸುದ್ದಿಯನ್ನು ಹೊತ್ತುಕೊಂಡು ಹೊರಗೆ ಹೊರಟಳು.

ತೋಟಪ್ಪ ಅವಸರದಲ್ಲಿ ದವಾಖಾನೆಗೆ ನಡೆದ. ಕೊರಳಲ್ಲಿ ಹೆಂಡತಿಯ ಸರ ಇನ್ನೂ ಇದ್ದದ್ದು ಅವನಿಗೆ ನೆನಪಾದದ್ದು, ಊರ ಅಗಸೆಬಾಗಿಲ ಬಳಿ ಕೂತಿದ್ದ ಮುದುಕನೊಬ್ಬ "ಬೆಲ್ಲ ಆತು, ಈಗ ಬಂಗಾರಕ್ಕ ಕೈ ಹಾಕ್ಯಾನ" ಎಂದಾಗ.

ಮದರಾಸಿನಲ್ಲಿ ಓದಿ ಬಂದಿದ್ದ ಡಾಕ್ಟರು ಎಲ್ಲವನ್ನೂ ಸಮಾಧಾನವಾಗಿ ಕೇಳಿದರು. ತಿನ್ನುವಾಗಷ್ಟೇ ಉಬ್ಬಿ, ಆಮೇಲೆ ಇಳಿಯುತ್ತದೆ ಎಂದು ತೋಟಪ್ಪ ಹೇಳಿದಾಗ ಅವರ ಕಣ್ಣು ಹೊಳೆಯಿತು. ತಮ್ಮ ಕಿವಿಯ ಮುಂದೆ ಬೆರಳಿಟ್ಟು ತೋರಿಸಿದರು.

"ನೋಡಪ್ಪ, ಇಲ್ಲಿ, ದವಡೆ ಎಲುಬಿನ ಮೇಲೆ ಒಂದು ಗ್ರಂಥಿ ಇರುತ್ತದೆ. ಜೊಲ್ಲಿನ ಕೆರೆ ಅಂತ ತಿಳಿ. ಅಲ್ಲಿಂದ ಕೆನ್ನೆಯೊಳಗೆ ಸಣ್ಣ ಕಾಲುವೆ ಬಂದು, ಮೇಲಿನ ದವಡೆ ಹಲ್ಲಿನ ಎದುರಿಗೆ ಬಾಯಿ ಬಿಡುತ್ತದೆ. ಆ ತೂಬಿಗೆ ಕಲ್ಲು ಸಿಕ್ಕಿದೆ. ತಿಂದಾಗ ಜೊಲ್ಲು ಬರುತ್ತದೆ, ಹೋಗಲು ದಾರಿ ಇಲ್ಲ. ಕೆರೆ ತುಂಬುತ್ತದೆ."

"ಬಾಯಾಗ ಕಲ್ಲು ಎಲ್ಲಿಂದ ಬರತೈತ್ರಿ?"

"ಜೊಲ್ಲಿನೊಳಗಿನ ಸುಣ್ಣವೇ ಗಟ್ಟಿಯಾಗಿ ಕಲ್ಲಾಗುತ್ತದೆ."

ಊರ ಬೆಲ್ಲದಲ್ಲೆಲ್ಲ ಸುಣ್ಣ ಹಿಡಿದುಕೊಡುತ್ತಿದ್ದವನಿಗೆ ತನ್ನ ಬಾಯಿಯ ಸುಣ್ಣ ತಿಳಿಯದೇ ಹೋಗಿತ್ತು. ಡಾಕ್ಟರು ಅವನ ಕೈಗೆ ನಿಂಬೆಹೋಳು ಕೊಟ್ಟು ಚೀಪಿಸಿದರು. ಕೆನ್ನೆ ಉಬ್ಬಿತು, ತೋಟಪ್ಪನ ಕಣ್ಣಲ್ಲಿ ನೀರು ಬಂತು. ಅವರು ಕಿವಿಯ ಕಡೆಯಿಂದ ಬಾಯಿಯ ಕಡೆಗೆ ಹೆಬ್ಬೆರಳಿನಿಂದ ನೀವುತ್ತ ಬಂದರು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ನವಣೆಕಾಳಿನಷ್ಟು ಕಲ್ಲೊಂದು ಜೊಲ್ಲಿನ ಜೊತೆ ನಾಲಗೆಗೆ ಬಿತ್ತು. ಕಟ್ಟೆ ಒಡೆದಂತೆ ಬಾಯಿ ತುಂಬ ನೀರು. ನೋವು ಹೋಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ತೋಟಪ್ಪ ಕಲ್ಲನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಬಂದ. ಬಾಗಿಲಲ್ಲಿ ಅಂದಾನಪ್ಪ ನಿಂತಿದ್ದ. ಹಣೆಯಲ್ಲಿ ಹೊಸ ವಿಭೂತಿ. ಅವನ ಹಿಂದೆ ಜಂಬವ್ವ.

"ತೋಟಪ್ಪಾ, ತಪ್ಪಾತೋ" ಎಂದು ಅಂದಾನಪ್ಪ ಅವನ ಎರಡೂ ಕೈ ಹಿಡಿದ. "ಕಳ್ಳತನ ಮಾಡದವನ ಬಾಯಿ ತೆಗಿಸಿದೆ ಅಂತ ಜಂಬವ್ವ ಅಂಗಡಿಗೇ ಬಂದು ಬೈದ್ಲು. ನಿನ್ನ ದವಡಿ ಹೋದ್ರ ಆ ಪಾಪ ನನಗಂತ. ರಾಯದುರ್ಗದವ್ರಿಗೂ ಹೇಳೀನಿ, ನಮ್ಮ ತೋಟಪ್ಪ ನೋಡದ ಬೆಲ್ಲ ಕೊಡಂಗಿಲ್ಲಂತ. ನಾಳಿ ಬಾ. ಅವರೂ ಕಾಯ್ತಾರ."

ತೋಟಪ್ಪ ತನ್ನ ಇಳಿದ ಕೆನ್ನೆಯನ್ನು ತೋರಿಸಿದ.

"ಇಳೀತು! ಪಂಪಾಪತಿ ಕೈ ಬಿಡಲಿಲ್ಲ!" ಅಂದಾನಪ್ಪ ಗುಡಿಯ ದಿಕ್ಕಿಗೆ ಕೈ ಮುಗಿದ. "ಮಧ್ಯಾಹ್ನ ಗುಡಿಗೆ ಹೋಗಿ ನಿನ್ನ ಹೆಸರಿಲೆ ಹರಕಿ ಹೊತ್ತೆ. ಭಾಳ ಪ್ರೀತಿದ್ದು ಬಿಡಬೇಕು ಅಂದ್ರು ಪೂಜಾರ್ರು. ನಿನಗ ಬೆಲ್ಲಕ್ಕಿಂತ ಪ್ರೀತಿದ್ದು ಏನೈತಿ? ಬಾವು ಇಳಿದ್ರ ತೋಟಪ್ಪ ವರ್ಷೊಪ್ಪತ್ತು ಬೆಲ್ಲ ನಾಲಗಿಗೆ ಮುಟ್ಟಸಂಗಿಲ್ಲ ಅಂತ ಕರ್ಪೂರ ಹಚ್ಚಿ ಬಂದೀನಿ."

ಹಾಗಾದರೆ ನಾಳೆ ತೋಟಪ್ಪ ಬೆಲ್ಲ ನೋಡುವುದು ಹೇಗೆ ಎಂಬುದು ಅವನಿಗೆ ಆಗ ಹೊಳೆಯಿತು. ಅಂದಾನಪ್ಪನ ಮುಖದ ಮೇಲಿನ ಸಂತೋಷ ಮೆಲ್ಲಗೆ ಇಳಿಯತೊಡಗಿತು.

"ಡಾಕ್ಟರು ಕಲ್ಲು ತಗದ್ರು ಸಾವ್ಕಾರ್ರೇ" ಎಂದು ತೋಟಪ್ಪ ಕಾಗದ ಬಿಚ್ಚಿದ.

"ತಗದ್ರು. ತಗಿಸಿದವ್ರು ಯಾರು?" ಎಂದಳು ಜಂಬವ್ವ.

ದೇವರಿಗೆ ಕೊಟ್ಟ ಮಾತು ಮುರಿದವನು ನೋಡಿದ ಬೆಲ್ಲವನ್ನು ಕಂಪ್ಲಿಯಲ್ಲಿ ಯಾರೂ ಕೊಳ್ಳುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ತೋಟಪ್ಪ ಕಲ್ಲನ್ನು ಮತ್ತೆ ಕಾಗದದಲ್ಲಿ ಸುತ್ತುತ್ತ ಕೇಳಿದ: "ತಪ್ಪು ಮಾಡಿದವ್ರು ನೀವು. ನೀವೇನು ಬಿಟ್ರಿ ಸಾವ್ಕಾರ್ರೇ?"

"ನಾನೇನು ಬಿಡ್ಲೋ?" ಎಂದ ಅಂದಾನಪ್ಪ, ನಿಜವಾಗಿಯೂ ಸಂಕಟಪಡುತ್ತ. "ಬಾತಿದ್ದು ನಿನ್ನ ದವಡಿ!"